ಸಾವಿನ ಮನೇಲಿ ನಗು ಬಂದ್ರೆ ತಪ್ಪಾ? ನಗು ನಮ್ಮನ್ನ ಹತ್ತಿರ ತರೋದು ಹೆಂಗೆ

ದೊಡ್ಡಪ್ಪನ ತಿಥಿ ಹಿಂದಿನ ರಾತ್ರಿ. ಮಾರನೇ ದಿನದ ಅಡಿಗೆಗೆ ಅಂತ ಪಡಸಾಲೆಯಲ್ಲಿ ಚಾಪೆ ಹಾಸ್ಕೊಂಡು ಏಳೆಂಟು ಜನ ಹೆಂಗಸರು ಬೆಳ್ಳುಳ್ಳಿ ಸುಲೀತಾ ಕೂತಿದ್ರು, ನಾನೂ ಅಲ್ಲೇ ಈರುಳ್ಳಿ ಮೂಟೆ ಪಕ್ಕ ಕೂತಿದ್ದೆ. ಹತ್ತು ದಿನದಿಂದ ದೊಡ್ಡಮ್ಮ ಸರಿಯಾಗಿ ಒಂದು ಮಾತಾಡಿರಲಿಲ್ಲ, ಊಟ ಅಂದ್ರೆ ಎರಡು ತುತ್ತು, ಆಮೇಲೆ ಗೋಡೆಗೆ ಒರಗಿ ಕೂರೋದು ಅಷ್ಟೇ. ಯಾರೋ ಕರೆಂಟ್ ವಿಷ್ಯ ತೆಗೆದ್ರು, ಈಗ್ಲೂ ನಿಮ್ಮೂರಲ್ಲಿ ತ್ರೀ ಫೇಸ್ ರಾತ್ರಿನೇ ಕೊಡ್ತಾರಾ ಅಂತ. ಅಷ್ಟಕ್ಕೆ ದೊಡ್ಡಮ್ಮ ಇದ್ದಕ್ಕಿದ್ದಂಗೆ ಶುರು ಮಾಡಿದ್ರು. ಒಂದ್ಸಲ ರಾತ್ರಿ ಎರಡು ಗಂಟೆಗೆ ಮೋಟರ್ ಹಾಕೋಕೆ ಅಂತ ಬ್ಯಾಟರಿ ಹಿಡ್ಕೊಂಡು ಹೊಲಕ್ಕೆ ಹೋದ ದೊಡ್ಡಪ್ಪ ಸ್ವಲ್ಪ ಹೊತ್ತಿಗೇ ಏದುಸಿರು ಬಿಡ್ತಾ ವಾಪಸ್ ಓಡಿ ಬಂದು "ಕಳ್ಳ ಬಂದವ್ನೆ ಕಣೆ, ನನ್ ಷರ್ಟೇ ಹಾಕ್ಕೊಂಡು ನಿಂತವ್ನೆ, ಎಷ್ಟ್ ಕೂಗಿದ್ರೂ ಮಾತಾಡಲ್ಲ" ಅಂದ್ರಂತೆ. ಅವತ್ತು ಸಾಯಂಕಾಲ ತಾನೇ ದೊಡ್ಡಮ್ಮ ಅವರ ಹಳೇ ಷರ್ಟನ್ನ ಬೆದರುಗೊಂಬೆಗೆ ತೊಡಿಸಿ ಬಂದಿದ್ರು.

ಈ ಕಥೆ ನಮ್ಮನೇಲಿ ಎಲ್ರಿಗೂ ಬಾಯಿಪಾಠ. ಆದ್ರೂ "ನನ್ ಷರ್ಟೇ" ಅನ್ನೋ ಹೊತ್ತಿಗೆ ದೊಡ್ಡಮ್ಮನಿಗೇ ನಗು ತಡೀಲಿಲ್ಲ, ಅತ್ತೆ ಕಿಸಕ್ಕಂದ್ರು, ಪಕ್ಕದಲ್ಲಿದ್ದ ಚಿಕ್ಕಮ್ಮ ಸೆರಗು ಬಾಯಿಗೆ ಒತ್ಕೊಂಡ್ರು, ಆಮೇಲೆ ಇಡೀ ಪಡಸಾಲೆ ಗೊಳ್ ಅಂತು, ಬೆಳ್ಳುಳ್ಳಿ ಮೊರ ಮಗುಚಿ ಬಿತ್ತು. ಅಷ್ಟರಲ್ಲಿ ಒಳಗಿಂದ ಹಿರಿಯರೊಬ್ಬರು "ಸಾವಿನ್ ಮನೇಲಿ ಇದೇನ್ರಮ್ಮ ನಗು, ನಾಕು ಜನ ಏನಂದಾರು" ಅಂದ್ರು. ಎಲ್ಲರೂ ಗಪ್ ಚಿಪ್. ಬೆಳಿಗ್ಗೆ ದೊಡ್ಡಮ್ಮ ನನ್ನ ಹತ್ರ ಬಂದು ಮೆಲ್ಲಗೆ "ನಾನು ಹಂಗೆ ನಗಬಾರ್ದಿತ್ತೇನೋ ಮಗ" ಅಂದ್ರು.

ನನಗೆ ಅವಾಗ ಏನು ಹೇಳ್ಬೇಕೋ ತೋಚಲಿಲ್ಲ. ಆಮೇಲೆ ನಗು ಬಗ್ಗೆ ಓದೋಕೆ ಶುರು ಮಾಡಿದೆ, ಮನುಷ್ಯ ಯಾಕೆ ನಗ್ತಾನೆ, ಜೊತೇಲಿ ನಕ್ಕೋರು ಯಾಕೆ ಹತ್ತಿರ ಆಗ್ತಾರೆ ಅಂತ. ಓದಿದ್ದನ್ನ ದೊಡ್ಡಮ್ಮನಿಗೂ ಅರ್ಥ ಆಗೋ ಥರ ಇಲ್ಲಿ ಬರೀತಿದೀನಿ.

## ನಗು ಬರೋದು ಜೋಕಿಗಲ್ವಾ?

ನಾವೆಲ್ಲ ಅಂದ್ಕೊಂಡಿರೋದು ಹಂಗೇ. ಯಾರೋ ತಮಾಷೆ ಹೇಳ್ತಾರೆ, ನಾವು ನಗ್ತೀವಿ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿದ್ದ ರಾಬರ್ಟ್ ಪ್ರೊವೈನ್ ಅನ್ನೋ ವಿಜ್ಞಾನಿ ಇದನ್ನ ಲ್ಯಾಬಲ್ಲಿ ಕೂತು ನೋಡೋ ಬದಲು ಬೀದಿಗೆ ಇಳಿದು ನೋಡಿದ್ರು. ಅವರೂ ಅವರ ವಿದ್ಯಾರ್ಥಿಗಳೂ ಮಾಲ್, ಫುಟ್‌ಪಾತ್, ಕಾಲೇಜ್ ಕಾರಿಡಾರ್ ಎಲ್ಲ ಸುತ್ತಿ, ಜನ ನಕ್ಕಾಗೆಲ್ಲ ಯಾರು ನಕ್ರು, ನಗೋ ಮುಂಚೆ ಯಾವ ಮಾತು ಬಂತು ಅಂತ ಬರ್ಕೊಂಡ್ರು. ಹಿಂಗೆ 1200 ನಗು ಸೇರಿಸಿದ್ರು. 1990ರ ದಶಕದಲ್ಲಿ ಪ್ರಕಟ ಆದ ಈ ಕೆಲಸದ ಪ್ರಕಾರ ತಮಾಷೆ ಅನ್ನಬಹುದಾದ ಮಾತಿನ ನಂತರ ಬಂದ ನಗು ಶೇಕಡಾ 10ರಿಂದ 20 ಅಷ್ಟೇ. ಮಿಕ್ಕಿದ್ದೆಲ್ಲ "ಸರಿ, ಆಮೇಲೆ ಸಿಗೋಣ", "ಹೌದು ನಂಗೊತ್ತು" ಅನ್ನೋ ಥರದ ಸಪ್ಪೆ ಮಾತುಗಳ ಬೆನ್ನಿಗೆ ಬಂದಿದ್ದು.

ಇನ್ನೊಂದು ವಿಷ್ಯ ನನಗೆ ಅದಕ್ಕಿಂತ ಆಶ್ಚರ್ಯ ಅನ್ನಿಸ್ತು. ಕೇಳೋರಿಗಿಂತ ಮಾತಾಡೋರೇ ಜಾಸ್ತಿ ನಗ್ತಾರೆ, ಪ್ರೊವೈನ್ ಲೆಕ್ಕದಲ್ಲಿ ಶೇಕಡಾ 46ರಷ್ಟು ಜಾಸ್ತಿ. ಜೋಕ್ ಹೇಳೋನು ನಗಿಸ್ತಾನೆ, ಕೇಳೋನು ನಗ್ತಾನೆ ಅನ್ನೋ ಲೆಕ್ಕಾಚಾರಕ್ಕೆ ಇದು ಉಲ್ಟಾ ಹೊಡೀತು. ಅವರು ಇನ್ನೊಂದು ಕೆಲಸ ಮಾಡಿದ್ರು, ವಿದ್ಯಾರ್ಥಿಗಳ ಕೈಗೆ ಡೈರಿ ಕೊಟ್ಟು ಯಾವಾಗ ನಕ್ಕೆ ಅಂತ ಬರೆಸಿದ್ರು. ಟೀವಿ, ಪುಸ್ತಕ ಇವನ್ನ ಬಿಟ್ಟು ನೋಡಿದ್ರೆ ಒಬ್ಬರೇ ಇದ್ದಾಗಿಗಿಂತ ಜನರ ಜೊತೆ ಇದ್ದಾಗ ನಗೋದು 30 ಪಟ್ಟು ಜಾಸ್ತಿ ಅಂತ ಸಿಕ್ತು. ಒಬ್ಬರೇ ಇದ್ದಾಗ ನಾವು ನಗೋದಕ್ಕಿಂತ ನಮ್ಮಷ್ಟಕ್ಕೇ ಮಾತಾಡ್ಕೊಳ್ಳೋದೇ ಹೆಚ್ಚಂತೆ.

ಅಂದ್ರೆ ನಗು ಬರೋಕೆ ಬೇಕಾಗಿರೋದು ಮುಖ್ಯವಾಗಿ ಇನ್ನೊಬ್ಬ ಮನುಷ್ಯ, ತಮಾಷೆ ಇದ್ರೂ ಆಯ್ತು ಇಲ್ದಿದ್ರೂ ಆಯ್ತು. ಬೆದರುಗೊಂಬೆ ಕಥೆಯಲ್ಲಿ ಹೊಸದೇನೂ ಇರಲಿಲ್ಲ, ಆದ್ರೂ ಮೊರ ಮಗುಚಿ ಬೀಳೋವಷ್ಟು ನಕ್ವಿ.

## ನಗುವಾಗ ಮೈಯೊಳಗೆ ಏನಾಗುತ್ತೆ

ಹೊಟ್ಟೆ ಮೇಲೆ ಕೈ ಇಟ್ಕೊಂಡು ಒಂದ್ಸಲ ನಕ್ಕು ನೋಡಿ. ಹೊಟ್ಟೆ ಪಟಪಟ ಅಂತ ಕುಲುಕುತ್ತೆ. ಮಾತಾಡುವಾಗ ಉಸಿರನ್ನ ನಾವು ನಾಜೂಕಾಗಿ, ನಲ್ಲಿ ಸಣ್ಣಗೆ ಬಿಟ್ಟಂಗೆ ಬಿಡ್ತೀವಿ. ನಗುವಾಗ ಪಕ್ಕೆಲುಬಿನ ಮಧ್ಯದ ಸ್ನಾಯುಗಳೂ ಹೊಟ್ಟೆಯ ಸ್ನಾಯುಗಳೂ ಸೇರ್ಕೊಂಡು ಅದೇ ಉಸಿರನ್ನ ತುಂಡು ತುಂಡಾಗಿ ಹೊರಗೆ ದಬ್ಬುತ್ವೆ. ಒಂದೊಂದು "ಹ" ಒಂದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕದು, ಸೆಕೆಂಡಿಗೆ ಹೆಚ್ಚೂ ಕಮ್ಮಿ ಐದು ಬರುತ್ತೆ. "ಹ ಹ ಹ" ಅಂತ ನಗಬಹುದು, "ಹಿ ಹಿ ಹಿ" ಅಂತಲೂ ನಗಬಹುದು, ಆದ್ರೆ "ಹ ಹಿ ಹ ಹಿ" ಅಂತ ನಕ್ಕು ನೋಡಿ, ಬಾಯಿ ಕೇಳಲ್ಲ.

ಜೋರಾಗಿ ನಗುವಾಗ ಉಸಿರು ಒಳಗೆ ತಗೊಳ್ಳೋಕೇ ಪುರುಸೊತ್ತಿಲ್ದಂಗೆ ಬರೀ ಹೊರಗೆ ಹೋಗ್ತಾ ಇರುತ್ತೆ, ಶ್ವಾಸಕೋಶ ಖಾಲಿ ಆಗುತ್ತೆ, ಸ್ನಾಯುಗಳಿಗೆ ದಣಿವಾಗುತ್ತೆ. ಹೊಟ್ಟೆ ಹುಣ್ಣಾಗೋ ಹಂಗೆ ನಕ್ವಿ ಅಂತೀವಲ್ಲ, ಅದು ಬರೀ ಮಾತಲ್ಲ, ಹೊಟ್ಟೆ ನಿಜವಾಗ್ಲೂ ದುಡಿದಿರುತ್ತೆ. ಈ ದಣಿವನ್ನ ನೆನಪಲ್ಲಿಟ್ಕೊಳ್ಳಿ, ಮುಂದೆ ಇದಕ್ಕೊಂದು ಕೆಲಸ ಇದೆ.

## ಹೇನು ನೋಡೋದಕ್ಕೂ ನಗೋದಕ್ಕೂ ನಂಟು

ನಗು ನಮಗೆ ಮಾತ್ರ ಬಂದಿರೋದಲ್ಲ. ಚಿಂಪಾಂಜಿ, ಗೊರಿಲ್ಲ, ಒರಾಂಗುಟಾನ್ ಮರಿಗಳಿಗೆ ಕಚಗುಳಿ ಇಟ್ರೆ ಅವೂ ಏದುಸಿರು ಬಿಟ್ಟಂಗೆ ಸದ್ದು ಮಾಡ್ತವೆ. ಮರೀನಾ ಡವಿಲಾ ರಾಸ್ ಮತ್ತು ಜೊತೆಗಾರರು 2009ರಲ್ಲಿ ಈ ಸದ್ದುಗಳನ್ನ ಮನುಷ್ಯರ ಕೂಸುಗಳ ನಗು ಜೊತೆ ಇಟ್ಟು ಹೋಲಿಸಿದ್ರು. ನಗುವಿನ ಬೇರು ನಮ್ಮೆಲ್ಲರ ಪೂರ್ವಜ ಒಂದೇ ಆಗಿದ್ದ ಕಾಲದಲ್ಲಿ, ಅಂದ್ರೆ 1 ಕೋಟಿಯಿಂದ 1.6 ಕೋಟಿ ವರ್ಷದ ಹಿಂದೆ ಇದೆ ಅನ್ನೋದು ಅವರ ತೀರ್ಮಾನ. ಇಲಿಗಳಿಗೂ ಕಚಗುಳಿ ಇಟ್ಟಿದಾರೆ, ಯಾಕ್ ಪ್ಯಾಂಕ್ಸೆಪ್ ಅನ್ನೋ ವಿಜ್ಞಾನಿ. ಅವು 50 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಚಿಲಿಪಿಲಿ ಮಾಡ್ತವೆ, ನಮ್ಮ ಕಿವಿಗೆ 20ರ ಮೇಲೆ ಕೇಳಿಸಲ್ಲ, ಹಂಗಾಗಿ ವಿಶೇಷ ಮೈಕ್ ಬೇಕು. ಕಚಗುಳಿ ಇಟ್ಟ ಕೈ ಹಿಂದೇನೇ ಇಲಿ ಮತ್ತೆ ಮತ್ತೆ ಬರೋದಂತೆ.

ಈಗ ಮಂಗಗಳನ್ನ ನೋಡಿ. ಒಂದು ಮಂಗ ಇನ್ನೊಂದರ ಮೈಯಲ್ಲಿ ಹೇನು ಹೊಟ್ಟು ಹೆಕ್ಕುತ್ತಾ ಗಂಟೆಗಟ್ಟಲೆ ಕೂತಿರುತ್ತೆ. ಮೈ ಕ್ಲೀನ್ ಆಗೋದಕ್ಕೆ ಅಷ್ಟು ಹೊತ್ತು ಬೇಡ, ಅವು ಕೂತಿರೋದು ಸ್ನೇಹಕ್ಕೆ. ನಾಳೆ ಜಗಳ ಆದ್ರೆ ನನ್ನ ಪಕ್ಷಕ್ಕೆ ಬರೋದು ಇವತ್ತು ನನ್ನ ತಲೆ ನೋಡಿದೋರು. ನಮ್ಮೂರ ಜಗಲಿ ಮೇಲೆ ಮಧ್ಯಾಹ್ನ ಒಬ್ಬರ ತಲೆ ಒಬ್ಬರು ನೋಡ್ತಾ ಕೂತ ಹೆಂಗಸರನ್ನ ಕಂಡಿದ್ರೆ ಇದನ್ನ ಬೇರೆ ವಿವರಿಸೋದೇ ಬೇಡ, ಹೇನು ಎರಡು ಸಿಕ್ಕಿದ್ರೆ ಮಾತು ಇನ್ನೂರು ಸಿಗ್ತಿತ್ತು.

ಆಕ್ಸ್‌ಫರ್ಡ್‌ನ ರಾಬಿನ್ ಡನ್‌ಬಾರ್ ವಾದ ಇಲ್ಲಿಂದ ಶುರುವಾಗುತ್ತೆ. ತಲೆ ನೋಡೋದು ಒಂದ್ಸಲಕ್ಕೆ ಒಬ್ಬರಿಗೆ ಮಾತ್ರ ಮಾಡೋಕಾಗೋ ಕೆಲಸ. ಗುಂಪು ದೊಡ್ಡದಾದಂಗೆ ಎಲ್ಲರನ್ನೂ ಹಿಂಗೆ ಸವರ್ತಾ ಕೂತ್ರೆ ಹೊಟ್ಟೆಗೆ ಹುಡುಕೋದು ಯಾವಾಗ? ಅದಕ್ಕೇ ನಮ್ಮ ಪೂರ್ವಜರಿಗೆ ಕೈ ಇಡದೇನೇ ಮೈ ಸವರೋ ಒಂದು ದಾರಿ ಬೇಕಾಯ್ತು, ಅದೂ ಮಾತು ಹುಟ್ಟೋಕೆ ಮುಂಚೆ. ನಗು ಆ ದಾರಿ ಅಂತಾರೆ ಅವರು. ನಗು ಗಾಳಿಯಲ್ಲಿ ಹೋಗುತ್ತೆ, ಒಂದೇ ಸಲಕ್ಕೆ ಎರಡು ಮೂರು ಜನಕ್ಕೆ ತಲುಪುತ್ತೆ. ಅವರೂ ಗಿಯೋಂ ದೆಜಕಾಶ್ ಅನ್ನೋರೂ ಪಬ್‌ಗಳಂಥ ಜಾಗದಲ್ಲಿ ಕೂತು ಎಣಿಸಿ ನೋಡಿದಾಗ ಒಟ್ಟಿಗೆ ನಗೋ ಗುಂಪಿನ ಸರಾಸರಿ ಸೈಜು ಸುಮಾರು ಮೂರು ಜನ ಅಂತ ಸಿಕ್ತು. ಮದುವೆ ಮನೆಯಲ್ಲಿ ಇಡೀ ಛತ್ರ ಗಿಜಿಗುಡ್ತಿದ್ರೂ ನಗು ಮಾತ್ರ ಮೂಲೆ ಮೂಲೆಯ ಸಣ್ಣ ಗುಂಪುಗಳಿಂದಲೇ ಏಳೋದು ಗಮನಿಸಿ.

## ಮೈ ತಾನೇ ಮಾಡ್ಕೊಳ್ಳೋ ಮದ್ದು

ಕೈ ಸವರಿದಾಗಲೂ ನಕ್ಕಾಗಲೂ ಮೆದುಳಲ್ಲಿ ಎಂಡಾರ್ಫಿನ್ ಅನ್ನೋ ರಾಸಾಯನಿಕಗಳು ಬಿಡುಗಡೆ ಆಗ್ತವೆ. ಅಫೀಮಿನಿಂದ ಬರೋ ನೋವಿನ ಔಷಧಿ ಗೊತ್ತಲ್ಲ, ಅದೇ ಜಾತಿಯ ಕೆಲಸ ಮಾಡೋ, ಮೈ ತಾನೇ ತಯಾರಿಸ್ಕೊಳ್ಳೋ ಮದ್ದು ಅಂದ್ಕೊಳ್ಳಿ. ನೋವು ಸ್ವಲ್ಪ ಕಮ್ಮಿ ಆಗುತ್ತೆ, ಒಂಥರಾ ಹಿತ ಅನ್ಸುತ್ತೆ, ಪಕ್ಕದಲ್ಲಿರೋರ ಮೇಲೆ ನಂಬಿಕೆ ಹುಟ್ಟುತ್ತೆ. ಮೈ ದಣಿಸಿ ಓಡಿದ್ರೂ ಇದು ಬರುತ್ತೆ, ಹೊಟ್ಟೆ ದಣಿಯೋ ಹಂಗೆ ನಕ್ರೂ ಬರುತ್ತೆ ಅನ್ನೋದು ಡನ್‌ಬಾರ್ ಲೆಕ್ಕ. ನೆನಪಲ್ಲಿಡಿ ಅಂದಿದ್ದ ದಣಿವಿನ ಕೆಲಸ ಇದೇ.

ಅದನ್ನ ಪರೀಕ್ಷೆ ಮಾಡಿದ್ದು ಹೆಂಗೆ ಅಂದ್ರೆ, ಜನಕ್ಕೆ ಒಟ್ಟಿಗೆ ಕೂರಿಸಿ ಕಾಮಿಡಿ ತೋರಿಸಿದ್ರು, ಬೇರೆಯವರಿಗೆ ನಗು ಬರದ ವಿಡಿಯೋ ತೋರಿಸಿದ್ರು, ನೋಡೋಕೆ ಮುಂಚೆ ಒಂದ್ಸಲ ನೋಡಿದ ಮೇಲೆ ಒಂದ್ಸಲ ಕೈಗೆ ಐಸ್‌ನಂಗೆ ತಣ್ಣಗಿರೋ ಕವಚ ಹಾಕಿ ಅಥವಾ ಬೀಪಿ ನೋಡೋ ಪಟ್ಟಿ ಬಿಗಿ ಮಾಡಿ, ಎಷ್ಟು ಹೊತ್ತು ತಡ್ಕೋತೀರ ನೋಡೋಣ ಅಂದ್ರು. ನಕ್ಕೋರು ಜಾಸ್ತಿ ತಡ್ಕೊಂಡ್ರು. ಸುಮ್ನೆ ಖುಷಿಯಾಗಿದ್ರೆ ಸಾಲ್ದು, ನಗಬೇಕು. ಇದು 2012ರಲ್ಲಿ ಪ್ರಕಟ ಆಯ್ತು. ಆಮೇಲೆ ಫಿನ್ಲೆಂಡಿನ ತುರ್ಕು ಊರಲ್ಲಿ 12 ಜನ ಗಂಡಸರನ್ನ ಆಪ್ತ ಸ್ನೇಹಿತರ ಜೊತೆ ಅರ್ಧ ಗಂಟೆ ಕಾಮಿಡಿ ನೋಡಿ ನಗೋಕೆ ಬಿಟ್ಟು ಆಮೇಲೆ ಮೆದುಳಿನ ಸ್ಕ್ಯಾನ್ ಮಾಡಿದ್ರು, ಇನ್ನೊಂದ್ಸಲ ಒಬ್ಬರೇ ಸುಮ್ನೆ ಕೂತಿದ್ದ ಮೇಲೆ ಮಾಡಿದ್ರು. ನಕ್ಕ ಮೇಲಿನ ಸ್ಕ್ಯಾನ್‌ನಲ್ಲಿ ಮೆದುಳಿನ ಹಲವು ಭಾಗದಲ್ಲಿ ಈ ಮದ್ದು ಬಿಡುಗಡೆ ಆಗಿದ್ದು ಕಾಣ್ತು. 12 ಜನ ಅಂದ್ರೆ ಸಣ್ಣ ಲೆಕ್ಕ, ನಕ್ಕಿದ್ದರಿಂದ ಎಷ್ಟು ಸ್ನೇಹಿತರು ಪಕ್ಕದಲ್ಲಿದ್ದಿದ್ದರಿಂದ ಎಷ್ಟು ಅಂತ ಅದರಲ್ಲಿ ಬೇರೆ ಮಾಡೋಕೂ ಆಗಲ್ಲ. ಆದ್ರೆ ನೋವಿನ ಪರೀಕ್ಷೆ ಜೊತೆ ಇಟ್ಟು ನೋಡಿದ್ರೆ ಎರಡೂ ಒಂದೇ ದಿಕ್ಕು ತೋರಿಸ್ತವೆ.

## ಬೇಕಂತ ನಗೋ ನಗು ಸುಳ್ಳಾ?

ಕನ್ನಡದಲ್ಲಿ ನಗುವಿಗೆ ಎಷ್ಟು ಹೆಸರು ನೋಡಿ. ಮುಗುಳ್ನಗು, ಹುಸಿನಗು, ಮುಸಿಮುಸಿ ನಗು, ಕುಹಕದ ನಗು, ಪೆಚ್ಚುನಗು, ಅಟ್ಟಹಾಸ. ಭರತನ ನಾಟ್ಯಶಾಸ್ತ್ರದಲ್ಲೂ ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಅಂತ ಆರು ಬಗೆ ಮಾಡಿದಾರೆ.

ವಿಜ್ಞಾನ ಮೊದಲು ಮಾಡೋ ಭಾಗ ಎರಡೇ. ತಡೆಯೋಕಾಗದೆ ತಾನಾಗೇ ನುಗ್ಗಿ ಬರೋದು ಒಂದು, ನಾವಾಗೇ ನಗೋದು ಇನ್ನೊಂದು. ಲಂಡನ್‌ನ ಸೋಫಿ ಸ್ಕಾಟ್ ಇದರ ಮೇಲೆ ತುಂಬಾ ಕೆಲಸ ಮಾಡಿದಾರೆ. ಇವೆರಡಕ್ಕೂ ಮೆದುಳಲ್ಲಿ ದಾರಿ ಬೇರೆ ಬೇರೆ, ಸದ್ದೂ ಬೇರೆ. ತಾನಾಗೇ ಬರೋ ನಗು ಎತ್ತರದ ದನಿಯಲ್ಲಿ ಇರುತ್ತೆ, ಮಧ್ಯ ಮಧ್ಯ ಕೀರಲು ಸದ್ದು, ಶಿಳ್ಳೆ ಥರ ಉಸಿರು ಬರುತ್ತೆ. ಬೇಕಂತ ನಗೋದು ಮೂಗಿನಿಂದ ಬರೋದು ಜಾಸ್ತಿ. ಇನ್ನೊಬ್ಬರು ಬೇಕಂತ ನಕ್ಕಿದ್ದು ಕಿವಿಗೆ ಬಿದ್ದ ತಕ್ಷಣ ನಮ್ಮ ಮೆದುಳಲ್ಲಿ ಬೇರೆಯವರ ಮನಸ್ಸು ಊಹಿಸೋ ಭಾಗ ಚುರುಕಾಗುತ್ತೆ, ಇವರು ಈಗ ಯಾಕೆ ನಕ್ರು ಅಂತ ಲೆಕ್ಕ ಹಾಕೋಕೆ.

ಬೇಕಂತ ನಗೋದನ್ನ ನಾಟಕ ಅಂತ ತಳ್ಳಿ ಹಾಕೋದು ತಪ್ಪು ಅಂತ ನನಗನ್ಸುತ್ತೆ. ಬಸ್ಸಲ್ಲಿ ಯಾರೋ ಕಾಲು ತುಳಿದು "ಅಯ್ಯೋ ಸಾರಿ" ಅಂದಾಗ ನೀವು ಸಣ್ಣಗೆ ನಗ್ತೀರಲ್ಲ, ನನಗೆ ನಿಮ್ಮ ಮೇಲೆ ಕೋಪ ಇಲ್ಲ ಅಂತ ಹೇಳಿದಂಗೆ. ಹೊಸ ಸೊಸೆ ಅಡಿಗೆ ಮನೇಲಿ ಪಾತ್ರೆ ಬೀಳಿಸಿದಾಗ ಅತ್ತೆ ನಕ್ರೆ ಅದು ಒಂದು ಭರವಸೆ. ಮಾತಲ್ಲಿ ಹೇಳೋಕೆ ಹೋದ್ರೆ ಉದ್ದ ಆಗೋದನ್ನ ಅರ್ಧ ಸೆಕೆಂಡಲ್ಲಿ ಹೇಳೋ ಸಂಜ್ಞೆ ಅದು.

ಆ ಸಂಜ್ಞೆ ಎಷ್ಟು ದೂರ ತಲುಪುತ್ತೆ ಅಂತ ಗ್ರೆಗ್ ಬ್ರಯಂಟ್ ಮತ್ತು ಜೊತೆಗಾರರು ನೋಡಿದ್ರು. ಇಬ್ಬರು ಒಟ್ಟಿಗೆ ನಕ್ಕಿದ್ದರ ಒಂದೊಂದೇ ಸೆಕೆಂಡಿನ ತುಣುಕನ್ನ 24 ಸಮಾಜಗಳ 966 ಜನಕ್ಕೆ ಕೇಳಿಸಿ, ಇವರು ಸ್ನೇಹಿತರಾ ಅಪರಿಚಿತರಾ ಅಂತ ಕೇಳಿದ್ರು. ಮಾತಿಲ್ಲ, ಮುಖ ಕಾಣಲ್ಲ, ಭಾಷೆ ಬೇರೆ. ಆದ್ರೂ ಶೇಕಡಾ 61ರಷ್ಟು ಸರಿ ಉತ್ತರ ಬಂತು, ಸುಮ್ನೆ ಊಹಿಸಿದ್ರೆ 50 ಬರಬೇಕಿತ್ತು. ಇದು 2016ರದ್ದು. ಹನ್ನೊಂದೇ ಅಂಕ ಹೆಚ್ಚು ಅನ್ನಿಸಬಹುದು, ಆದ್ರೆ ಒಂದು ಸೆಕೆಂಡ್ ಕೇಳಿಸ್ಕೊಂಡು ಗುರುತೇ ಇಲ್ಲದ ಇಬ್ಬರ ಸಂಬಂಧ ಹೇಳೋದು ನನಗಂತೂ ಸಣ್ಣ ವಿಷಯ ಅನ್ಸಲ್ಲ.

## ಒಬ್ಬರಿಂದ ಒಬ್ಬರಿಗೆ ಹತ್ತೋದು

ನಗೋ ಸದ್ದು ಕೇಳಿದ ಕೂಡ್ಲೇ ನಮ್ಮ ಮುಖದ ಸ್ನಾಯುಗಳಿಗೆ ಅಪ್ಪಣೆ ಕೊಡೋ ಮೆದುಳಿನ ಜಾಗ ತಯಾರಾಗಿ ಕೂರುತ್ತೆ ಅಂತ 2006ರಲ್ಲಿ ಲಂಡನ್‌ನಲ್ಲೇ ಕಂಡುಕೊಂಡ್ರು. ಆಕಳಿಕೆ ಥರಾನೇ, ನಮ್ಮನ್ನ ಕೇಳಿ ಬರಲ್ಲ. ಅತ್ತೆ ಕಿಸಕ್ಕಂದಿದ್ದಕ್ಕೆ ಚಿಕ್ಕಮ್ಮ ಸೆರಗು ಒತ್ಕೊಂಡಿದ್ದು ಇದೇ.

ಡಾ. ಮದನ್ ಕಟಾರಿಯಾ ಅನ್ನೋ ವೈದ್ಯರು 1995ರ ಮಾರ್ಚ್ 13ರಂದು ಮುಂಬೈನ ಒಂದು ಪಾರ್ಕಲ್ಲಿ ಐದು ಜನ ಸೇರ್ಕೊಂಡು ನಗೆಕೂಟ ಶುರು ಮಾಡಿದ್ರು. ಮೊದಮೊದಲು ಒಬ್ಬೊಬ್ಬರು ಜೋಕ್ ಹೇಳೋದು, ಎಲ್ಲರೂ ನಗೋದು. ಸ್ವಲ್ಪ ದಿನಕ್ಕೆ ಒಳ್ಳೇ ಜೋಕ್ ಖಾಲಿ, ಉಳಿದಿದ್ದು ಯಾರಿಗಾದ್ರೂ ನೋವಾಗೋ ಥರದ್ದು. ಅವಾಗ ಅವರು ಜೋಕೇ ಬಿಟ್ಟುಬಿಟ್ರು, ಒಬ್ಬರ ಕಣ್ಣು ಒಬ್ಬರು ನೋಡ್ತಾ "ಹೋ ಹೋ, ಹ ಹ ಹ" ಅಂತ ಬೇಕಂತ ಶುರು ಮಾಡೋದು, ಆಮೇಲೆ ನಿಜವಾದ ನಗು ತಾನೇ ಬರೋದು. ಇವತ್ತು ಬೆಂಗಳೂರಿನ ಪಾರ್ಕುಗಳಲ್ಲಿ ಬೆಳಿಗ್ಗೆ ಕೈ ಮೇಲೆತ್ತಿ ನಗೋ ಗುಂಪುಗಳ ಮೂಲ ಇದು. ವಾಕಿಂಗ್ ಹೋಗುವಾಗ ಇವರಿಗೇನಾಗಿದೆ ಅಂತ ಅನ್ನಿಸಿದ್ರೆ, ಅಲ್ಲಿ ನಿವೃತ್ತಿ ಆಗಿ ಮನೇಲಿ ಮಾತಾಡೋರಿಲ್ಲದ ಎಷ್ಟು ಜನ ಇರ್ತಾರೆ ಅಂತ ಒಂದ್ಸಲ ನಿಂತು ನೋಡಿ.

ಹತ್ತೋ ನಗು ಎಲ್ಲಾ ಸಂತೋಷದ್ದೇ ಅಂತ ಮಾತ್ರ ಅಂದ್ಕೋಬೇಡಿ. 1962ರ ಜನವರಿಯಲ್ಲಿ ಈಗಿನ ಟಾಂಜಾನಿಯಾದ ಕಶಾಶ ಅನ್ನೋ ಹಳ್ಳಿಯ ಹೆಣ್ಣುಮಕ್ಕಳ ಹಾಸ್ಟೆಲ್ ಶಾಲೆಯಲ್ಲಿ ಮೂವರಿಂದ ಶುರುವಾದ ನಗು 159 ಮಕ್ಕಳಲ್ಲಿ 95 ಮಕ್ಕಳಿಗೆ ಹಬ್ಬಿತು, ನಗು ಜೊತೆ ಅಳುವೂ ಬರ್ತಿತ್ತು, ಮಾರ್ಚಲ್ಲಿ ಶಾಲೆ ಮುಚ್ಚಬೇಕಾಯ್ತು. ಅದು ಖುಷಿಯಲ್ಲ, ಒತ್ತಡದಲ್ಲಿದ್ದ ಮಕ್ಕಳ ಸಂಕಟ ಗುಂಪಿನಲ್ಲಿ ಹರಡಿದ ರೀತಿ ಅಂತ ತಿಳಿದವರು ಹೇಳ್ತಾರೆ.

## ಜೊತೆಗೆ ನಗೋದು, ನೋಡಿ ನಗೋದು

ನಾಲ್ಕು ಜನ ಸೇರಿ ಐದನೆಯವರನ್ನ ನೋಡಿ ನಕ್ರೆ ಆ ನಾಲ್ಕು ಜನ ಖಂಡಿತ ಹತ್ತಿರ ಆಗ್ತಾರೆ, ಆದ್ರೆ ಐದನೆಯವರ ಖರ್ಚಲ್ಲಿ. ನಗೆಪಾಟಲು ಅನ್ನೋ ಮಾತು ನಮ್ಮಲ್ಲಿ ಹುಟ್ಟಿದ್ದು ಅದಕ್ಕೇ. ಏಡ್ರಿಯೆನ್ ವುಡ್ ಮತ್ತು ಪೌಲಾ ನೀಡೆಂತಾಲ್ ಅನ್ನೋ ಸಂಶೋಧಕರು ನಗುವಿನ ಕೆಲಸಗಳನ್ನ ಮೂರು ಮಾಡ್ತಾರೆ: ನೀನು ಮಾಡಿದ್ದು ಹಿತ ಅನ್ಸುತ್ತೆ ಅಂತ ತಿಳಿಸೋದು, ನನ್ನಿಂದ ನಿನಗೆ ಭಯ ಇಲ್ಲ ಅಂತ ತಿಳಿಸೋದು, ನೀನು ನನಗಿಂತ ಕೆಳಗೆ ಅಂತ ತಿಳಿಸೋದು. ಮಕ್ಕಳಿಗೆ ಈ ಮೂರನೇದು ಬಹಳ ಬೇಗ ಗೊತ್ತಾಗುತ್ತೆ, ಕ್ಲಾಸಲ್ಲಿ ಉಚ್ಚಾರ ತಪ್ಪಿದ ಹುಡುಗನ್ನ ಕೇಳಿ, ಮೂವತ್ತು ವರ್ಷ ಆದ್ರೂ ಯಾರ್ಯಾರು ನಕ್ಕಿದ್ರು ಅಂತ ಹೆಸರು ಹೇಳ್ತಾನೆ.

ಗಂಡ ಹೆಂಡತಿ ವಿಷಯದಲ್ಲೂ ಅಷ್ಟೇ. ಅಮೆರಿಕದಲ್ಲಿ 71 ಜೋಡಿಗಳನ್ನ ಕೂರಿಸಿ, ನೀವು ಮೊದಲು ಭೇಟಿ ಆಗಿದ್ದು ಹೆಂಗೆ ಹೇಳಿ ಅಂತ ಮಾತಾಡಿಸಿ ವಿಡಿಯೋ ಮಾಡಿದ್ರು. ಒಬ್ಬರೇ ಎಷ್ಟು ನಕ್ರು ಅನ್ನೋದಕ್ಕಿಂತ ಇಬ್ಬರೂ ಒಂದೇ ಹೊತ್ತಿಗೆ ಎಷ್ಟು ನಕ್ರು ಅನ್ನೋದು ಅವರ ಸಂಬಂಧ ಹೆಂಗಿದೆ ಅನ್ನೋದರ ಜೊತೆ ಹೆಚ್ಚು ಹೊಂದ್ಕೊಳ್ತು.

## ದುಃಖದಲ್ಲಿ ನಗು

ಈಗ ದೊಡ್ಡಮ್ಮನ ಪ್ರಶ್ನೆಗೆ ಬರ್ತೀನಿ. ಡ್ಯಾಕರ್ ಕೆಲ್ಟ್ನರ್ ಮತ್ತು ಜಾರ್ಜ್ ಬೊನಾನೊ ಅನ್ನೋ ಇಬ್ಬರು ಮನಃಶಾಸ್ತ್ರಜ್ಞರು ಗಂಡನ್ನೋ ಹೆಂಡ್ತೀನೋ ಕಳ್ಕೊಂಡು ಸುಮಾರು ಆರು ತಿಂಗಳಾದವರ ಹತ್ರ, ಹೋದವರ ಬಗ್ಗೆ ಮಾತಾಡಿಸಿ, ಆ ವಿಡಿಯೋಗಳಲ್ಲಿ ಮುಖದ ಒಂದೊಂದು ಸ್ನಾಯುವನ್ನೂ ಗಮನಿಸಿದ್ರು. 1997ರಲ್ಲಿ ಅದು ಪ್ರಕಟ ಆಯ್ತು. ಕಣ್ಣಿನ ಸುತ್ತ ಸುಕ್ಕು ಬೀಳೋ ಹಂಗೆ, ಒಳಗಿಂದ ಬರೋ ನಗು ನಕ್ಕವರಿಗೆ ಸಂಕಟ ಕಮ್ಮಿ ಇತ್ತು, ಬೇರೆಯವರ ಜೊತೆ ಸಂಬಂಧ ಚೆನ್ನಾಗಿತ್ತು. ಆ ವಿಡಿಯೋಗಳನ್ನ ಗುರುತಿಲ್ಲದ ಜನಕ್ಕೆ ತೋರಿಸಿದಾಗ ಅವರಿಗೂ ಹಂಗೆ ನಗದೇ ಇದ್ದವರಿಗಿಂತ ನಕ್ಕವರನ್ನ ನೋಡಿದಾಗ್ಲೇ ಹೆಚ್ಚು ಹಿತ ಅನ್ನಿಸ್ತು.

ನಕ್ಕಿದ್ದಕ್ಕೇ ಸಂಕಟ ಕಮ್ಮಿ ಆಯ್ತೋ, ಸಂಕಟ ಕಮ್ಮಿ ಇದ್ದಿದ್ದಕ್ಕೆ ನಗೋಕಾಯ್ತೋ, ಇದೊಂದರಿಂದಲೇ ಹೇಳೋಕಾಗಲ್ಲ. ಆದ್ರೆ ಸಾವಿನ ಮನೇಲಿ ಏನಿರುತ್ತೆ ಯೋಚನೆ ಮಾಡಿ. ಒಬ್ಬರು ಕಳಚಿ ಹೋಗಿರ್ತಾರೆ, ಉಳಿದವರು ಒಬ್ಬರಿಗೊಬ್ಬರು ಅಂಟಿಕೊಳ್ಳಬೇಕಾಗಿರುತ್ತೆ, ಮಾತು ಯಾರಿಗೂ ಬರ್ತಿರಲ್ಲ. ಎಲ್ಲರ ತಲೆಯನ್ನೂ ಒಟ್ಟಿಗೆ ಸವರೋಕೆ ಆಗೋ ಹಳೇ ದಾರಿ ಒಂದೇ ಇರೋದು. ಆ ರಾತ್ರಿ ನಗು ನಿಂತ ಮೇಲೆ ದೊಡ್ಡಮ್ಮ ಅತ್ರು, ಹತ್ತು ದಿನದಲ್ಲಿ ಮೊದಲನೇ ಸಲ ಜೋರಾಗಿ ಅತ್ರು, ಅತ್ತೆ ಅವರ ಬೆನ್ನು ಸವರ್ತಾ ಕೂತಿದ್ರು, ಆಮೇಲೆ ಅಲ್ಲೇ ಚಾಪೆ ಮೇಲೆ ನಿದ್ದೆ ಹೋದ್ರು.

ಇದನ್ನೆಲ್ಲ ಹೋದ ವಾರ ಫೋನಲ್ಲಿ ಅವರಿಗೆ ಹೇಳಿದೆ. ಇಲಿ ವಿಷ್ಯ ನಂಬಲಿಲ್ಲ. ಮಂಗದ್ದು "ಗೊತ್ತಿರೋದೇ ಬಿಡು" ಅಂದ್ರು. ಗಂಡನ್ನ ಕಳ್ಕೊಂಡು ನಕ್ಕವರ ವಿಷ್ಯ ಹೇಳಿದಾಗ ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದೇ ಇಲ್ಲ, ಕಟ್ ಆಯ್ತೇನೋ ಅಂದ್ಕೊಂಡೆ. ಆಮೇಲೆ "ಲೋ, ಅವತ್ತು ಒಂದ್ ಹೇಳೋದೇ ಮರ್ತಿದ್ದೆ ಕಣೋ, ಬ್ಯಾಟರೀನೂ ಅಲ್ಲೇ ಬಿಸಾಕಿ ಓಡ್ ಬಂದಿದ್ರು, ಬೆಳಿಗ್ಗೆ ಹೋಗಿ ನೋಡ್ತೀನಿ, ಆ ಬೆದರುಗೊಂಬೆ ಕಾಲ್ ಹತ್ರ ಇನ್ನೂ ಉರೀತಾ ಬಿದ್ದಿತ್ತು" ಅಂದ್ರು, ಅಷ್ಟು ಹೇಳೋದ್ರೊಳಗೆ ಅವರಿಗೆ ಮತ್ತೆ ನಗು ಶುರುವಾಯ್ತು, ನನಗೂ.